ಹೆಂಡತಿ ಕೊಲೆ ಆರೋಪ: ಕತ್ತಿ, ಪಂಚೆ, ಎಫ್‌ಎಸ್‌ಎಲ್ ವರದಿ, ಇದರಲ್ಲಿ ಯಾವುದು ನಿಲ್ಲುತ್ತದೆ?

ಅಘನಾಶಿನಿ ದಡ:

ಮೂಟ್ ಕೋರ್ಟಿಗೆ (ಕಾನೂನು ವಿದ್ಯಾರ್ಥಿಗಳ ಅಣಕು ನ್ಯಾಯಾಲಯ) ಕೊಟ್ಟ ಕಾಲ್ಪನಿಕ ಪ್ರಕರಣ ಇದು. ಆರೋಪಿ ಪರ ವಾದ ನಮ್ಮ ಪಾಲಿಗೆ ಬಂದಿದೆ.

ಸಿರ್ಸಿ ತಾಲೂಕಿನ ಒಂಟಿ ತೋಟದ ಮನೆ. ಜುಲೈ 2025, ಬಿಡದ ಮಳೆ. ಗಂಡ, ಹೆಂಡತಿ, ಗಂಡನ ತಾಯಿ ಮತ್ತು ತಮ್ಮ ಒಟ್ಟಿಗಿರುವ ಮನೆ. ಆ ರಾತ್ರಿ ತಾಯಿ, ತಮ್ಮ ಇಬ್ಬರೂ ಕುಮಟಾದಲ್ಲಿ. ಬೆಳಗಿನ ಜಾವ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹೆಂಡತಿಯ ಶವ. ಪಾಚಿಯ ಮೇಲೆ ಕಾಲು ಜಾರಿ ಬಿದ್ದಳು, ಎತ್ತಲು ಹೋದೆ ಅನ್ನುವುದು ಗಂಡನ ಮಾತು. ಮೊದಲ ದಿನ ಯುಡಿಆರ್ (ಅಸಹಜ ಸಾವಿನ ವರದಿ) ಆಯಿತು. ಮೂರನೇ ದಿನ ಆಕೆಯ ತಂದೆಯ ದೂರಿನ ಮೇಲೆ ಕೊಲೆ ಪ್ರಕರಣ, ಭಾರತೀಯ ನ್ಯಾಯ ಸಂಹಿತೆ ಅಂದರೆ ಬಿಎನ್‌ಎಸ್ 103. ಅದೇ ದಿನ ಮನೆಯೊಳಗೆ ಬಟ್ಟೆ ಹಾಕುವ ಬಳ್ಳಿಯ ಮೇಲಿದ್ದ ಪಂಚೆ ಜಪ್ತಿ. ಒಂಬತ್ತನೇ ದಿನ ಬಂಧನ, ಸ್ವಇಚ್ಛಾ ಹೇಳಿಕೆ, ಗೊಬ್ಬರಗುಂಡಿಯಿಂದ ಕತ್ತಿ. ಜಪ್ತಿ ಮಾಲು ಬೆಂಗಳೂರು ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ, ಅಂದರೆ ಎಫ್‌ಎಸ್‌ಎಲ್ ತಲುಪಿದ್ದು 31ನೇ ದಿನ.

ವರದಿ: ಪಂಚೆಯ ಮೇಲೆ ಮಾನವ ರಕ್ತ, ‘ಬಿ’ ಗುಂಪು. ಕತ್ತಿಯ ಮೇಲೆ ಮಾನವ ರಕ್ತ, ಗುಂಪು ನಿರ್ಧರಿಸಲಾಗಿಲ್ಲ. ಮೃತಳ ಉಗುರಿನಲ್ಲಿ ಗಂಡನ ವೈ ಕ್ರೋಮೋಸೋಮಿನ ಗುರುತಿಗೆ, ಅಂದರೆ ವೈ-ಎಸ್‌ಟಿಆರ್‌ಗೆ ಹೊಂದುವ ಪುರುಷ ಡಿಎನ್‌ಎ. ಮೃತಳದು ಬಿ ಗುಂಪು. ಗಂಡನ ಗುಂಪು ಕಡತದಲ್ಲೇ ಇಲ್ಲ.

ಪಿಎಂ (ಮರಣೋತ್ತರ ಪರೀಕ್ಷೆ): ತಲೆಯ ಹಿಂಬದಿ ಬಲಕ್ಕೆ ಎರಡು ಸೀಳು ಗಾಯ, ನೆತ್ತಿಯ ಮೇಲೆ ಒಂದು. ಹಿಂಬದಿ ಬುರುಡೆ ಒಂದು ಕಡೆ ತಗ್ಗಾಗಿ ಒಡೆದಿದೆ. ಮಿದುಳಿನ ಮುಂಭಾಗದಲ್ಲಿ ಜಜ್ಜು. ‘ಕತ್ತಿಯ ಬೆನ್ನಿನಿಂದ ಆಗಿರಬಹುದು’ ಎಂದು ಡಾಕ್ಟರ ಅಭಿಪ್ರಾಯ.

ಕಲೆ ರಕ್ತದ್ದೇ ಅಲ್ಲ, ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಅಥವಾ ಮೈಲುತುತ್ತ (ತಾಮ್ರದ ಸಲ್ಫೇಟ್) ಎಂದು ವಾದ ಮಾಡಬಹುದಾ? ಬೇರೆ ಎಲ್ಲೆಲ್ಲಿ ಹಿಡಿಯಬಹುದು?

ಚಿರೆಕಲ್ಲು:

ಚೊಗರು, ಮೈಲುತುತ್ತ ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ, ಎರಡರ ಗುಣ ಬೇರೆ.

ಪ್ರಯೋಗಾಲಯದಲ್ಲಿ ಕಲೆಗೆ ಮೂರು ಮೆಟ್ಟಿಲು. ಮೊದಲನೆಯದು ಅಂದಾಜು ಪರೀಕ್ಷೆ, ಸಾಮಾನ್ಯವಾಗಿ ಫೀನಾಲ್ಫ್ತಲೀನ್. ಕಲೆಯನ್ನು ಹತ್ತಿಗೆ ಒರೆಸಿಕೊಂಡು ಒಂದು ಹನಿ ಆಲ್ಕೋಹಾಲ್, ಒಂದು ಹನಿ ರಾಸಾಯನಿಕ ಹಾಕಿ ಕೆಲವು ಸೆಕೆಂಡು ಕಾಯಬೇಕು. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ಪೆರಾಕ್ಸೈಡ್ ಬಿದ್ದ ಕೂಡಲೇ ಗುಲಾಬಿ ತಿರುಗಿದರೆ ರಕ್ತ ಇರಬಹುದು. ಅದು ಬೀಳುವ ಮೊದಲೇ ತಿರುಗಿದರೆ ಅಲ್ಲಿ ರಕ್ತವಲ್ಲದ ಬೇರೆ ಆಕ್ಸಿಡೀಕಾರಕ ಇದೆ ಎಂದು ಅರ್ಥ. ಮೈಲುತುತ್ತದಂಥ ತಾಮ್ರದ ಲವಣ ಹೀಗೆ ಮೋಸ ಮಾಡುತ್ತದೆ. ಅಡಿಕೆಯ ಕೊಳೆರೋಗದ ಮದ್ದು ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಜುಲೈಯಲ್ಲಿ ತೋಟಕ್ಕೆ ಹೋದವನ ಪಂಚೆಯಲ್ಲಿ ತಾಮ್ರ ಇಲ್ಲದಿದ್ದರೇ ಆಶ್ಚರ್ಯ. ಮಧ್ಯದ ಆ ಕೆಲವು ಸೆಕೆಂಡು ಕಾಯದೆ ಎರಡೂ ಹನಿ ಒಟ್ಟಿಗೆ ಹಾಕಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಚೊಗರು ಕಣ್ಣಿಗೆ ಮಾತ್ರ ರಕ್ತ. ಪಂಚರು (ಜಪ್ತಿಯ ಸಾಕ್ಷಿಗಳು) ‘ರಕ್ತದಂಥ ಕಲೆ’ ಎಂದು ಬರೆಯಲು ಅಷ್ಟೇ ಸಾಕು. ಗಿಡದ ಹಸಿ ರಸದಲ್ಲಿರುವ ಪೆರಾಕ್ಸಿಡೇಸ್ ಈ ಪರೀಕ್ಷೆಗೆ ಗುಲಾಬಿ ಕೊಡಬಲ್ಲದು, ಆದರೆ ಚೊಗರು ಬೇಯಿಸಿದ್ದು, ಕುದಿಯಲ್ಲಿ ಆ ಕಿಣ್ವ ಸಾಯುತ್ತದೆ. ಚೊಗರಿನ ತೊಂದರೆ ಬೇರೆ ಕಡೆ: ಅದರ ಟ್ಯಾನಿನ್ ಡಿಎನ್‌ಎ ಪ್ರತಿ ತೆಗೆಯುವ ಪಿಸಿಆರ್ ಅನ್ನು ತಡೆಯುತ್ತದೆ. ಹಾಗಾಗಿ ‘ಡಿಎನ್‌ಎ ಬರಲಿಲ್ಲ’ ಎಂದ ಮಾತ್ರಕ್ಕೆ ರಕ್ತವೇ ಇರಲಿಲ್ಲ ಎನ್ನಲಾಗದು.

ಎರಡನೇ ಮೆಟ್ಟಿಲು ಖಚಿತ ಪರೀಕ್ಷೆ. ತಕಾಯಾಮಾ ಎಂಬ ಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದಡಿ ಗುಲಾಬಿ ಸೂಜಿಯಂಥ ಹರಳು ಕಾಣಬೇಕು. ಮೂರನೆಯದು ಮನುಷ್ಯನದ್ದೋ ಪ್ರಾಣಿಯದ್ದೋ ನೋಡುವ ಪ್ರೆಸಿಪಿಟಿನ್. ‘ಮಾನವ ರಕ್ತ’ ಎಂಬ ಮಾತು ಮೂರನೇ ಮೆಟ್ಟಿಲು ಹತ್ತಿ ಬಂದಿದ್ದರೆ ಮೈಲುತುತ್ತದ ವಾದ ಅಲ್ಲಿಗೆ ಮುಗಿಯಿತು. ಅದನ್ನೇ ಹಿಡಿದು ನಿಂತರೆ ನ್ಯಾಯಾಧೀಶರ ಎದುರು ನಗೆಪಾಟಲು. ಆದ್ದರಿಂದ ಮೊದಲು ಪ್ರಯೋಗಾಲಯದ ಕೆಲಸದ ಹಾಳೆ, ಅಂದರೆ ವರ್ಕ್‌ಶೀಟ್ ಕೇಳಿ. ಎರಡು ಪುಟದ ವರದಿಯಲ್ಲಿ ಯಾವ ಕಲೆಗೆ ಯಾವ ಪರೀಕ್ಷೆ ಎಂದು ಇರುವುದಿಲ್ಲ.

ನಿಮ್ಮ ನಿಜವಾದ ತೂತು ಬೇರೆ ಇದೆ: ‘ಬಿ ಗುಂಪು’. ನಮ್ಮಲ್ಲಿ ಸರಿಸುಮಾರು ಮೂರರಲ್ಲಿ ಒಬ್ಬರದು ಬಿ. ಅದಕ್ಕಿಂತ ದೊಡ್ಡದು: ಬಹಳ ಜನರ ಬೆವರು, ಎಂಜಲಿನಲ್ಲೂ ಅವರ ರಕ್ತದ ಗುಂಪಿನ ವಸ್ತು ಇಳಿಯುತ್ತದೆ. ಗಂಡನೂ ಬಿ ಗುಂಪಿನವನಾಗಿದ್ದರೆ ಅವನ ಬೆವರು ಹೀರಿದ ಪಂಚೆಯ ಯಾವ ಮೂಲೆ ಕತ್ತರಿಸಿ ಪರೀಕ್ಷಿಸಿದರೂ ಬಿ ಬರಬಹುದು. ಅದಕ್ಕೇ ಕಲೆಯಿಲ್ಲದ ತುಂಡನ್ನೂ ಕಂಟ್ರೋಲ್ ಆಗಿ ಜೊತೆಗೆ ಪರೀಕ್ಷಿಸಬೇಕು. ಹೋಲಿಸಲು ಅವನ ಗುಂಪೂ ಗೊತ್ತಿರಬೇಕು. ನಿಮ್ಮ ಕಡತದಲ್ಲಿ ಎರಡೂ ಇಲ್ಲ.

ಉಗುರಿನ ವೈ-ಎಸ್‌ಟಿಆರ್ ಬಗ್ಗೆ ಎರಡೇ ಮಾತು. ವೈ ಗುರುತು ತಂದೆಯಿಂದ ಮಗನಿಗೆ ಹಾಗೇ ಇಳಿಯುತ್ತದೆ. ಗಂಡನಿಗೂ ಅವನ ತಮ್ಮನಿಗೂ ಅದು ಒಂದೇ. ಒಂದೇ ಮನೆಯಲ್ಲಿ ಉಂಡು ಮಲಗುವ ಗಂಡನ ಡಿಎನ್‌ಎ ಹೆಂಡತಿಯ ಉಗುರಿನಲ್ಲಿ ಇರುವುದು ದಿನನಿತ್ಯದ ಸಂಗತಿ. ಅವನ ಮೈಮೇಲೆ ಪರಚಿದ ಗಾಯ ಇತ್ತೇ ಎಂಬುದು ಪ್ರಶ್ನೆ. ಬಂಧನದ ವೈದ್ಯಕೀಯ ತಪಾಸಣೆ ಒಂಬತ್ತನೇ ದಿನದ್ದಾದರೆ ಸಣ್ಣ ಪರಚು ಅಷ್ಟರಲ್ಲಿ ಮಾಯ. ಹಾಗಾಗಿ ಅಲ್ಲಿಂದ ಯಾರಿಗೂ ಲಾಭವಿಲ್ಲ.

ಕೋಡಿಬಾಗ:

ಚಿರೆಕಲ್ಲು ಅವರು ಕತ್ತಿಯನ್ನು ಬಿಟ್ಟರು. ಕಾಗದದ ಕಡೆಯಿಂದ ನಾನು ಸೇರಿಸ್ತೇನೆ.

ಒಂಬತ್ತು ದಿನ ಮಳೆಗಾಲದ ಗೊಬ್ಬರಗುಂಡಿಯಲ್ಲಿ ಬಿದ್ದಿದ್ದ ಕಬ್ಬಿಣದ ಮೇಲೆ ಮಾನವ ರಕ್ತ ಉಳಿಯಿತೆಂದರೆ ಅನುಮಾನ ಬರಬೇಕು. ಅದಕ್ಕಾಗಿ ಪೊಲೀಸರೇ ಹಚ್ಚಿದರು ಎಂದು ಕೂಗಬೇಡಿ. ಕತ್ತಿಯ ಬೆನ್ನು ತೊಳೆದುಹೋದರೂ ಹಿಡಿಯ ಬಾಯಿಗೆ ಹಾಕಿದ ಬಳೆಯ ಸಂದಿಯಲ್ಲಿ, ಮರದ ಹಿಡಿಯ ಬಿರುಕಿನಲ್ಲಿ ರಕ್ತ ಉಳಿಯುತ್ತದೆ. ಸ್ವ್ಯಾಬ್ ಎಲ್ಲಿಂದ ತೆಗೆದರು ಎಂದು ಕೇಳಿ. ಬಳೆ ಬಿಚ್ಚಿ ತೆಗೆದಿದ್ದರೆ ನಂಬಬಹುದು, ಮೇಲ್ಮೈಯಿಂದ ತೆಗೆದಿದ್ದರೆ ನಂಬುವುದು ಕಷ್ಟ. ಕತ್ತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ್ದರೋ ಎಂಬುದನ್ನೂ ನೋಡಿ. ಒದ್ದೆ ಮಾಲನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಪ್ಲಾಸ್ಟಿಕ್ಕಿನೊಳಗೆ ಸೆಖೆಗೆ ಬೂಷ್ಟು ಬಂದು ಕಲೆಯನ್ನೇ ತಿನ್ನುತ್ತದೆ. ಗುಂಪು ಸಿಗದಿರಲು ಬಹಳ ಸಲ ಕಾರಣ ಇಷ್ಟೇ.

ಸ್ವಇಚ್ಛಾ ಹೇಳಿಕೆಯಲ್ಲಿ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನ ವಿನಾಯಿತಿಗೆ ಬರುವುದು ಪತ್ತೆಗೆ ದಾರಿಯಾದ ಭಾಗ ಮಾತ್ರ. ಹಳೆಯ 27ನೇ ಕಲಂ ಅದು. ‘ಕತ್ತಿ ಇಟ್ಟ ಜಾಗ ತೋರಿಸುತ್ತೇನೆ’ ಎಂಬುದು ನಡೆಯುತ್ತದೆ. ‘ಅದರಿಂದ ಹೆಂಡತಿಗೆ ಹೊಡೆದೆ’ ಎಂಬುದು ನಡೆಯದು. 1947ರ ಪುಲುಕುರಿ ಕೊಟ್ಟಯ್ಯ ತೀರ್ಪಿನಿಂದ ಇದು ಗಟ್ಟಿ. ಮತ್ತೆ, ಗೊಬ್ಬರಗುಂಡಿಗೆ ಬೇಲಿ ಇರುವುದಿಲ್ಲ. ದರಕು (ಒಣ ಎಲೆ) ಹಾಕಲು ಕೆಲಸದವರೂ ಹೋಗುತ್ತಾರೆ, ಮೂರನೇ ದಿನದ ಮಹಜರಿನಲ್ಲಿ ಪೊಲೀಸರೂ ಹಿತ್ತಲು ತಿರುಗಿದ್ದಾರೆ. ಆಗ ಗುಂಡಿ ನೋಡಿದರಾ ಎಂಬುದನ್ನು ತನಿಖಾಧಿಕಾರಿಗೆ ಒಂದೇ ಸಾಲಿನಲ್ಲಿ ಕೇಳಿ ಬಿಡಿ, ಉತ್ತರ ಯಾವುದಾದರೂ ನಿಮಗೆ ಅನುಕೂಲವೇ.

2024ರ ಜುಲೈ 1ರ ನಂತರದ ಘಟನೆಯಾದ್ದರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 105 ಅನ್ವಯ. ಜಪ್ತಿ, ಪಟ್ಟಿ ಬರೆಯುವುದು, ಪಂಚರ ಸಹಿ ಎಲ್ಲದರ ವಿಡಿಯೋ ಆಗಬೇಕು, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ವಿಡಿಯೋ ಇದ್ದರೆ ಶುರುವಿನಿಂದ ನೋಡಿ. ಗುಂಡಿ ಅಗೆಯುವ ದೃಶ್ಯ ಇಲ್ಲದೆ ಕತ್ತಿ ಕೈಯಲ್ಲಿ ಹಿಡಿದಿರುವಲ್ಲಿಂದ ಶುರುವಾದರೆ ಅದೇ ನಿಮ್ಮ ವಾದ. ವಿಡಿಯೋಗೆ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದ ಎರಡೂ ಭಾಗ, ಹ್ಯಾಷ್ ಮೌಲ್ಯ (ವಿಡಿಯೋ ಬದಲಾಗಿಲ್ಲ ಎಂದು ತೋರಿಸುವ ಅಂಕೆ) ಸಹಿತ, ಇದೆಯಾ ನೋಡಿ.

ಮಾಲಿನ ಪ್ರಯಾಣಕ್ಕೆ ಒಂದು ಕಾಗದ ತಗೊಂಡು ನಾಲ್ಕು ದಿನಾಂಕ ಬರೆಯಿರಿ: ಜಪ್ತಿ, ಪಿಎಫ್ (ಜಪ್ತಿ ಮಾಲಿನ ನಮೂನೆ) ಕೋರ್ಟಿಗೆ, ಠಾಣೆಯ ಮಾಲು ರಿಜಿಸ್ಟರಿನಲ್ಲಿ ಹೊರಗೆ ಹೋದದ್ದು, ಎಫ್‌ಎಸ್‌ಎಲ್ ಸ್ವೀಕೃತಿ. ಪಂಚೆಗೆ 3 ಮತ್ತು 31, ಕತ್ತಿಗೆ 9 ಮತ್ತು 31. ನಡುವಿನ ದಿನ ಅದು ಎಲ್ಲಿತ್ತು, ಯಾವ ಪೊಲೀಸ್ ಒಯ್ದ, ಆ ಪೊಲೀಸ್ ಸಾಕ್ಷಿ ಪಟ್ಟಿಯಲ್ಲಿದ್ದಾನಾ? ಅರಗಿನ ಮುದ್ರೆಯ ಮಾದರಿ ಬೇರೆ ಲಕೋಟೆಯಲ್ಲಿ ಹೋಗಿತ್ತಾ? ‘ಸೀಲು ಮಾದರಿಗೆ ಹೊಂದಿಕೆಯಾಗಿದೆ’ ಎಂಬ ಸಾಲು ಎಫ್‌ಎಸ್‌ಎಲ್ ವರದಿಯಲ್ಲಿ ಇರಲೇಬೇಕು. ಡಿಎನ್‌ಎ ಮಾದರಿ 48 ಗಂಟೆಯೊಳಗೆ ಪ್ರಯೋಗಾಲಯ ತಲುಪಬೇಕು, ಕೈಬದಲಾವಣೆಯ ರಿಜಿಸ್ಟರ್ ಇಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈಯಲ್ಲೇ ಕಟ್ಟವೆಳ್ಳೈ ತೀರ್ಪಿನಲ್ಲಿ ಹೇಳಿದೆ. ನಿಮ್ಮ ಉಗುರಿನ ಮಾದರಿಗೆ ಅದನ್ನು ಹಚ್ಚಬಹುದು. ಪಂಚೆಗೆ ನೇರವಾಗಿ ಹಚ್ಚಲಾಗದು, ಅಲ್ಲಿ ನಡೆದದ್ದು ಗುಂಪಿನ ಪರೀಕ್ಷೆ.

ದೇವಬಾಗ:

ಎಲ್ಲರೂ ಕಲೆಯ ಹಿಂದೆ ಬಿದ್ದಿದ್ದೀರಿ. ಈ ಕೇಸು ನಿಲ್ಲುವುದು, ಬೀಳುವುದು ಪಿಎಂ ವರದಿಯ ಮೇಲೆ.

ಚಲಿಸುವ ತಲೆ ನಿಂತ ಕಲ್ಲಿಗೆ ಬಡಿದರೆ, ಅಂದರೆ ಬಿದ್ದಾಗ, ಮಿದುಳಿನ ಜಜ್ಜು ಪೆಟ್ಟಿನ ಎದುರು ಬದಿಯಲ್ಲಿ ಜೋರಾಗಿರುತ್ತದೆ. ಹಿಂಬದಿ ಬಡಿದರೆ ಹಣೆಯ ಹಿಂದಿನ ಭಾಗ, ಕಿವಿಯ ಬದಿಯ ಮಿದುಳಿನ (ಟೆಂಪೊರಲ್) ತುದಿ. ನಿಂತ ತಲೆಗೆ ಚಲಿಸುವ ಆಯುಧ ಬಿದ್ದರೆ ಜಜ್ಜು ಪೆಟ್ಟಿನ ಕೆಳಗೇ. ನಿಮ್ಮ ವರದಿಯಲ್ಲಿ ಪೆಟ್ಟು ಹಿಂದೆ, ಜಜ್ಜು ಮುಂದೆ. ಇದು ಬೀಳುವಿಕೆಯ ಕಡೆಗೆ ತೂಗುತ್ತದೆ. ಡಾಕ್ಟರಿಗೆ ಪಾಟೀಸವಾಲಿನಲ್ಲಿ ಮೊದಲ ಪ್ರಶ್ನೆ ಇದೇ ಆಗಲಿ: ಪೆಟ್ಟಿನ ಕೆಳಗೆ ಮಿದುಳಿನಲ್ಲಿ ಜಜ್ಜು ಇತ್ತಾ? ಇಲ್ಲ ಎಂದರೆ ‘ಕತ್ತಿಯ ಬೆನ್ನಿನಿಂದ ಆಗಿರಬಹುದು’ ಎಂಬ ಅಭಿಪ್ರಾಯ ಅಲ್ಲೇ ಸಡಿಲ.

ಆದರೆ ನೆತ್ತಿಯ ಗಾಯ ನಿಮಗೆ ಕಂಟಕ. ಟೋಪಿಯ ಅಂಚು ಕೂರುವ ಗೆರೆಗಿಂತ ಮೇಲೆ, ನೆತ್ತಿಗೆ, ಸಮತಟ್ಟಿನಲ್ಲಿ ಜಾರಿ ಬಿದ್ದವರಿಗೆ ಗಾಯವಾಗುವುದು ಕಡಿಮೆ. ಅದೊಂದೇ ಸಾಕಾಗದಿದ್ದರೂ ಮೂರು ಗಾಯ ಒಂದೇ ಬೀಳುವಿಕೆಯಿಂದ ಹೇಗಾಯಿತು ಎಂಬುದಕ್ಕೆ ನಿಮ್ಮಲ್ಲಿ ಉತ್ತರ ಬೇಕು. ಕಲ್ಲಿನ ಅಂಚಿಗೆ ಬಡಿದು ಮತ್ತೆ ನೆಲಕ್ಕೆ ಬಿದ್ದರೆ ಎರಡು ಸರಿ, ಮೂರನೆಯದು? ಎತ್ತುವಾಗ ಕೈ ಜಾರಿ ತಲೆ ಮತ್ತೆ ಬಡಿಯಿತು ಎಂದು ಹೇಳಲು ಆರೋಪಿ ತನ್ನ ಮೊದಲ ಹೇಳಿಕೆಯಲ್ಲಿ ಅದನ್ನು ಹೇಳಿರಬೇಕು.

ಬುರುಡೆಯ ತಗ್ಗಿನ ಅಳತೆ, ಆಕಾರ ವರದಿಯಲ್ಲಿ ಇದೆಯಾ? ಕತ್ತಿಯ ಬೆನ್ನು ಉದ್ದನೆ ಕಿರಿದು ಪಟ್ಟಿ, ಅದು ಬಿದ್ದಲ್ಲಿ ಉದ್ದ ತಗ್ಗು ಬರಬೇಕು. ಒಗೆಯುವ ಕಲ್ಲಿನ ಮೂಲೆ ಬಡಿದರೆ ಗುಂಡಾದ ಅಥವಾ ಮೂರು ಮೂಲೆಯ ತಗ್ಗು. ಎರಡು ಬಿರುಕು ಒಂದಕ್ಕೊಂದು ಸೇರಿದ್ದರೆ ನಂತರದ ಬಿರುಕು ಮೊದಲಿನದಕ್ಕೆ ಬಂದು ನಿಲ್ಲುತ್ತದೆ, ದಾಟುವುದಿಲ್ಲ. ಅದರಿಂದ ಯಾವ ಪೆಟ್ಟು ಮೊದಲು ಎಂದು ತಿಳಿಯುತ್ತದೆ. ಪಿಎಂನಲ್ಲಿ ಚಿತ್ರ ಬಿಡಿಸದೆ ‘ಬುರುಡೆ ಒಡೆದಿದೆ’ ಎಂದಷ್ಟೇ ಬರೆದಿದ್ದರೆ ಇದೆಲ್ಲ ಕೈಬಿಟ್ಟ ಹಾಗೆ. ತೋಳಿನ ಹೊರಬದಿಯಲ್ಲಿ ತಡೆಯಲು ಹೋದ ಗಾಯ ಇಲ್ಲದಿರುವುದು ನಿಮಗೆ ಸ್ವಲ್ಪ ಬಲ. ಸ್ವಲ್ಪವೇ, ಹಿಂದಿನಿಂದ ಹೊಡೆದರೆ ಯಾರಿಗೂ ತಡೆಯಲು ಆಗದು.

ಕಲ್ಲನ್ನು ಜಪ್ತಿ ಮಾಡಲಾಗದು ಸರಿ, ಅದರ ಅಂಚಿನಿಂದ ಸ್ವ್ಯಾಬ್ ತೆಗೆದರಾ? ಪಾಚಿಯ ಮೇಲೆ ಜಾರಿದ ಗೆರೆ ಮೊದಲ ದಿನದ ಫೋಟೋದಲ್ಲಿ ಇದೆಯಾ? ಚಪ್ಪಲಿ? ಜಾರಿ ಬಿದ್ದವರ ಒಂದು ಚಪ್ಪಲಿ ದೂರ ಹಾರಿರುತ್ತದೆ, ಅದರ ಅಟ್ಟೆಯಲ್ಲಿ ಪಾಚಿ ಉಜ್ಜಿರುತ್ತದೆ. ಯುಡಿಆರ್ ಎಂದು ಹಗುರಾಗಿ ತಗೊಂಡ ಮೊದಲ ಮೂರು ದಿನದಲ್ಲಿ ಮಳೆ ಎಲ್ಲವನ್ನೂ ತೊಳೆದಿರುತ್ತದೆ. ಪಾಚಿಯ ಗೆರೆ, ಚಪ್ಪಲಿ ಎರಡೂ ಸಿಕ್ಕಿದ್ದರೆ ಆರೋಪಿಯ ಮಾತಿಗೇ ಬೆಂಬಲವಾಗಬಹುದಿತ್ತು. ತನಿಖೆಯ ಲೋಪದಿಂದ ನಷ್ಟವಾದದ್ದು ಯಾರಿಗೆ ಎಂಬ ವಾದವನ್ನು ಇಲ್ಲಿ ಕಟ್ಟಿ.

ಸಾವಿನ ಸಮಯದ ಮೇಲೆ ಹೆಚ್ಚು ಭಾರ ಹಾಕಬೇಡಿ. ಮಳೆಯಲ್ಲಿ ನೆನೆದ ಶವ ಬೇಗ ತಣ್ಣಗಾಗುತ್ತದೆ. ಸೆಟೆತ 12 ಗಂಟೆಯಲ್ಲಿ ಮೈತುಂಬ ಬರುತ್ತದೆ, 12 ಗಂಟೆ ಇರುತ್ತದೆ, 12 ಗಂಟೆಯಲ್ಲಿ ಇಳಿಯುತ್ತದೆ ಎಂಬುದು ಬಾಯಿಪಾಠದ ಲೆಕ್ಕ.

ಅಘನಾಶಿನಿ ದಡ:

ತುಂಬ ಉಪಕಾರ ಆಯ್ತು. ತಡೆಯುವ ಗಾಯದ ಬಗ್ಗೆ ಪಿಎಂನಲ್ಲಿ ಒಂದಕ್ಷರ ಇಲ್ಲ, ತಗ್ಗಿನ ಅಳತೆಯೂ ಇಲ್ಲ. ಪಂಚೆಯ ಫೋಟೋ ನೋಡಿದೆ. ಕೆಳ ಅಂಚಿನ ಹತ್ತಿರ ಅಂಗೈಯಗಲ ಒಂದು ಕಲೆ, ಮೊಣಕಾಲಿನ ಮಟ್ಟದಲ್ಲಿ 1–2 ಮಿ.ಮೀ. ಚುಕ್ಕಿ ಏಳೆಂಟು. ಸ್ಕೇಲ್ ಇಟ್ಟಿಲ್ಲ. ಚುಕ್ಕಿಗಳು ಹೊಡೆತದ ಸಿಡಿತವೇ ಎಂಬ ಭಯ.

ಚಿರೆಕಲ್ಲು:

ಸ್ಕೇಲ್ ಇಲ್ಲ ಅಂತೀರಿ, 1–2 ಮಿ.ಮೀ. ಅಂತಲೂ ಅಂತೀರಿ. ಹೇಗೆ ಗೊತ್ತಾಯಿತು ಮಾರಾಯ್ರೇ?

ದಾರಿ ಇದೆ. ಪಂಚೆ ಎಂಓ (ಮುದ್ದೆಮಾಲು) ಆಗಿ ಕೋರ್ಟಿನಲ್ಲಿದೆ. ಅದರ ಬಣ್ಣದ ಅಂಚಿನ ಅಗಲ ಅಳೆಯಿರಿ. ಅಂಚು 20 ಮಿ.ಮೀ. ಎಂದಾದರೆ ಫೋಟೋದಲ್ಲಿ ಆ ಅಂಚೇ ನಿಮ್ಮ ಸ್ಕೇಲ್. ಕೆಮರಾ ಓರೆಯಾಗಿ ಹಿಡಿದಿದ್ದರೆ ಚುಕ್ಕಿಯ ಹತ್ತಿರದ ಅಂಚನ್ನೇ ತಗೊಳ್ಳಿ, ದೂರದ ಅಂಚಿನ ಅಳತೆ ಸುಳ್ಳು ಹೇಳುತ್ತದೆ.

ಅಂಗೈಯಗಲದ ಕಲೆ ಒತ್ತಿ ಬಂದದ್ದಿರಬಹುದು. ಶವದ ಪಕ್ಕ ಮೊಣಕಾಲೂರಿ ತಲೆ ಎತ್ತಿದರೆ ಅಲ್ಲೇ ಬರುತ್ತದೆ, ಗಂಡನ ಮಾತಿಗೆ ಹೊಂದುತ್ತದೆ. ಚುಕ್ಕಿ ಮೂರು ರೀತಿ ಬರಬಹುದು: ಹೊಡೆತದ ಸಿಡಿತ, ಉಸಿರಿನೊಂದಿಗೆ ಬಾಯಿ ಮೂಗಿನಿಂದ ಚಿಮ್ಮಿದ್ದು, ನಿಂತ ರಕ್ತದ ಮೇಲೆ ಮಳೆಹನಿ ಬಿದ್ದು ಹಾರಿದ್ದು. ಬುರುಡೆಯ ಬುಡ ಒಡೆದವರ ಬಾಯಿ ಮೂಗಿನಿಂದ ರಕ್ತ ಬರುತ್ತದೆ, ಉಸಿರು ಇರುವಾಗ ಎತ್ತಲು ಹೋದವರ ಮೇಲೆ ಸಣ್ಣ ಹನಿ ಸಿಡಿಯುತ್ತದೆ. ಅಂಥ ಹನಿಯಲ್ಲಿ ಗಾಳಿಗುಳ್ಳೆಯ ಗುರುತು, ಎಂಜಲು ಸಿಗಬಹುದು. ಎಂಜಲಿನ ಅಮೈಲೇಸ್ ಪರೀಕ್ಷೆ ಮಾಡಿದ್ದಾರಾ ಎಂಬುದೂ ವರ್ಕ್‌ಶೀಟಿನಲ್ಲಿ ಸಿಗುತ್ತದೆ.

ಕೋನದ ಲೆಕ್ಕ ಹಾಕಲು ಹೋಗಬೇಡಿ. ಹನಿಯ ಅಗಲವನ್ನು ಉದ್ದದಿಂದ ಭಾಗಿಸಿದರೆ ಬಿದ್ದ ಕೋನದ ಸೈನ್ ಸಿಗುತ್ತದೆ. ಅಗಲ 4, ಉದ್ದ 8 ಮಿ.ಮೀ. ಎಂದರೆ 30 ಡಿಗ್ರಿ. ಇದು ಟೈಲ್ಸ್, ಬಣ್ಣದ ಗೋಡೆಯಂಥ ನುಣುಪು ಮೇಲ್ಮೈಗೆ ಸರಿ. ಹತ್ತಿ ಬಟ್ಟೆ ನೂಲಿನ ದಿಕ್ಕಿಗೆ ರಕ್ತ ಎಳೆಯುತ್ತದೆ. ಎದುರು ಪಕ್ಷದವರು ಪಂಚೆಯ ಮೇಲೆ ಕೋನ ಹೇಳಿದರೆ ಇದನ್ನೇ ತಿರುಗಿಸಿ ಹೇಳಿ.

ಬನವಾಸಿ ರಸ್ತೆ:

ಇಷ್ಟು ಹೊತ್ತು ಎಲ್ಲರೂ ಆರೋಪಿ ಪರ. ಪ್ರಾಸಿಕ್ಯೂಷನ್ ಏನು ಹೇಳುತ್ತದೆ ಎಂದು ಯಾರಾದರೂ ಹೇಳಬೇಕಲ್ಲ.

ಕತ್ತಿ ಬಿತ್ತು, ಪಂಚೆ ಬಿತ್ತು, ಉಗುರು ಬಿತ್ತು ಎಂದುಕೊಳ್ಳೋಣ. ಪಿಪಿ (ಸರ್ಕಾರಿ ವಕೀಲರು) ಎದ್ದು ಸಾಕ್ಷ್ಯ ಅಧಿನಿಯಮದ 109ನೇ ಕಲಂ ಓದುತ್ತಾರೆ, ಹಳೆಯ 106. ಆ ರಾತ್ರಿ ಮನೆಯಲ್ಲಿ ಇಬ್ಬರೇ, ಏನಾಯಿತು ಎಂಬುದು ಗಂಡನಿಗೆ ಮಾತ್ರ ಗೊತ್ತು, ವಿವರಣೆ ಕೊಡಲಿ ಎಂಬುದು ಅವರ ಮಾತು. 2006ರ ತ್ರಿಮುಖ್ ಮಾರೋತಿ ಕಿರ್ಕನ್ ತೀರ್ಪು ಅವರ ಕೈಯಲ್ಲಿರುತ್ತದೆ. ನಿಮ್ಮ ಕೈಯಲ್ಲಿ 1956ರ ಶಂಭುನಾಥ್ ಮೆಹ್ರಾ ಇರಲಿ: ಈ ಕಲಂ ಪ್ರಾಸಿಕ್ಯೂಷನ್ನಿನ ಮೂಲ ಹೊಣೆಯನ್ನು ಇಳಿಸುವುದಿಲ್ಲ. ಜೊತೆಗೆ 1984ರ ಶರದ್ ಬಿರ್ಧಿಚಂದ್ ಸಾರ್ಡಾ ತೀರ್ಪು. ಅದೂ ಹೆಂಡತಿಯ ಸಾವಿನದೇ. ಪೊಟಾಶಿಯಂ ಸಯನೈಡ್ ಕೊಟ್ಟ ಎಂಬ ಆರೋಪದಲ್ಲಿ ಕೆಳಗಿನ ಎರಡೂ ಕೋರ್ಟ್ ಗಲ್ಲು ಎಂದವು, ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ವಿಷ ಆರೋಪಿಯ ಬಳಿ ಇತ್ತೆಂಬುದೇ ಸಾಬೀತಾಗಿರಲಿಲ್ಲ. ಸರಪಣಿ ಪೂರ್ತಿ ಇದ್ದಾಗ ಮಾತ್ರ ಸುಳ್ಳು ವಿವರಣೆಯನ್ನು ಹೆಚ್ಚಿನ ಕೊಂಡಿಯಾಗಿ ಸೇರಿಸಬಹುದು, ಕಡಿದ ಕೊಂಡಿಯ ಜಾಗಕ್ಕೆ ಅದನ್ನು ತರುವಂತಿಲ್ಲ ಎಂಬುದು ನಿಮಗೆ ಬೇಕಾದ ಸಾಲು.

ಆದರೆ ನಿಮ್ಮ ಕಕ್ಷಿಗಾರ ವಿವರಣೆ ಕೊಟ್ಟಿದ್ದಾನೆ, ಅದನ್ನು ಮರೆಯಬೇಡಿ. ಮೊದಲ ದಿನ ಯುಡಿಆರ್‌ನಲ್ಲಿ ಹೇಳಿದ್ದು, ಬಿಎನ್‌ಎಸ್‌ಎಸ್ 351ರಡಿ ಕೋರ್ಟಿನ ಪ್ರಶ್ನೆಗೆ ಹೇಳುವುದು, ನೀವು ಡಾಕ್ಟರಿಗೆ ಸೂಚಿಸುವುದು, ಮೂರೂ ಒಂದೇ ಕಥೆಯಾಗಿರಬೇಕು. ಕಲೆ ರಕ್ತವಲ್ಲ ಎಂದು ಎಫ್‌ಎಸ್‌ಎಲ್ ಅಧಿಕಾರಿಗೆ, ಎತ್ತುವಾಗ ತಾಗಿದ ರಕ್ತ ಎಂದು ಡಾಕ್ಟರಿಗೆ ಹೇಳಿದರೆ ಎರಡೂ ಹೋಗುತ್ತವೆ. ಇಂಥ ಕೇಸಿನಲ್ಲಿ ಆರೋಪಿ ಪರ ಕೆಡುವುದು ಹೆಚ್ಚಾಗಿ ಇಲ್ಲೇ.

ಎಫ್‌ಎಸ್‌ಎಲ್ ವರದಿ ಬಿಎನ್‌ಎಸ್‌ಎಸ್ 329ರಡಿ ಅಧಿಕಾರಿಯ ಸಾಕ್ಷ್ಯ ಇಲ್ಲದೆಯೇ ದಾಖಲಾಗುತ್ತದೆ. ಅವರನ್ನು ಕರೆಸಲು ನೀವೇ ಅರ್ಜಿ ಹಾಕಬೇಕು, ಅರ್ಜಿಯಲ್ಲೇ ವರ್ಕ್‌ಶೀಟ್ ತರಲು ಕೇಳಿ. ಗಂಡನ ರಕ್ತದ ಗುಂಪು ಮಾತ್ರ ಅರ್ಜಿಗೆ ಮೊದಲು ಖಾಸಗಿಯಾಗಿ ತಿಳಿದುಕೊಳ್ಳಿ. ‘ಒ’ ಎಂದಾದರೆ ಬೆವರಿನ ವಾದ ಬಾಯಿಬಿಡದೆ ಕೈಬಿಡಿ.

ಅಘನಾಶಿನಿ ದಡ:

ಸಮಸ್ಯೆಯ ಹಾಳೆಯಲ್ಲಿ ಗುಂಪು ಕೊಟ್ಟಿಲ್ಲ. ಹಾಗಾದರೆ ಕಂಟ್ರೋಲ್ ತುಂಡು ಪರೀಕ್ಷಿಸಲಿಲ್ಲ ಎಂಬಷ್ಟಕ್ಕೇ ನಿಲ್ಲಿಸಿ, ಎತ್ತುವಾಗ ತಾಗಿದ್ದು ಎಂಬ ಒಂದೇ ದಾರಿ ಹಿಡಿಯುತ್ತೇವೆ. ಮೈಲುತುತ್ತ ಬಿಟ್ಟೆವು. ಮೊದಲ ಪಾಟೀಸವಾಲು ಡಾಕ್ಟರಿಗೆ, ನೆತ್ತಿಯ ಗಾಯವನ್ನು ಕೊನೆಗೆ ಇಟ್ಟುಕೊಂಡು.

ದೇವಬಾಗ:

ಕೊನೆಗೆ ಇಡಬೇಡಿ. ನೀವು ಮುಟ್ಟದಿದ್ದರೆ ಪಿಪಿ ಮರುವಿಚಾರಣೆಯಲ್ಲಿ ಮುಟ್ಟುತ್ತಾರೆ, ಆಮೇಲೆ ನಿಮಗೆ ಎದ್ದು ನಿಲ್ಲಲು ಅವಕಾಶ ಸಿಗುವುದು ಕಷ್ಟ. ಹಿಂಬದಿಯ ಎರಡು ಗಾಯದ ನಡುವಿನ ಅಂತರ, ನೆತ್ತಿಯ ಗಾಯದ ಆಳ ಮೊದಲೇ ಕೇಳಿ. ನೆತ್ತಿಯದು ಚರ್ಮದಷ್ಟೇ ಆಳ, ಕೆಳಗೆ ಬುರುಡೆ ಸರಿಯಾಗಿದೆ ಎಂಬ ಉತ್ತರ ಬಂದರೆ ಅಲ್ಲಿಗೇ ನಿಲ್ಲಿಸಿ ಕುಳಿತುಕೊಳ್ಳಿ.